ತಗಡಿನ ಕೆಳಗೆ ಮಲಗುತ್ತಿದ್ದ ಅಕ್ಕೋರು

ಯುಗಾದಿಗೆ ಸ್ವಲ್ಪ ಮುಂಚೆ ಶಹಾಪುರದ ಹಳೆ ಬಜಾರಿನಲ್ಲಿ ರಸ್ತೆ ಅಗಲ ಮಾಡಲೆಂದು ಮಣ್ಣಿನ ಮಾಳಿಗೆಯ, ಅಂದರೆ ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿಯ, ಒಂದು ಮನೆಯನ್ನು ಕೆಡವುತ್ತಿದ್ದರು. ನಾನು ಅಲ್ಲೇ ಪಕ್ಕದಲ್ಲಿ ಆಟೋದೊಳಗೆ ಕೂತು, ಮೈಕು ಹಿಡಿದು, ಸೀರೆ ಅಂಗಡಿಯೊಂದರ ರಿಯಾಯಿತಿಯನ್ನು ಊರಿಗೆಲ್ಲ ಸಾರುತ್ತಿದ್ದೆ. ಅದೇ ನನ್ನ ಕಸುಬು. ಅತ್ತೆಯ ದನಿ, ಸೊಸೆಯ ದನಿ, ನಡುವೆ ಸಿಕ್ಕಿಬಿದ್ದ ಗಂಡನ ಕೆಮ್ಮು, ಎಲ್ಲವೂ ನನ್ನ ಒಂದೇ ಗಂಟಲಿನಿಂದ ಹೊರಡುತ್ತವೆ. ಈ ಗಂಟಲು ಬಿಟ್ಟರೆ ನನ್ನಲ್ಲಿ ಉಪಯೋಗಕ್ಕೆ ಬರುವ ಇನ್ನೊಂದು ಅಂಗವಿಲ್ಲ ಎಂದು ಮನೆಯವರ ಅಭಿಪ್ರಾಯ. ಜೆಸಿಬಿ ಮಾಳಿಗೆಗೆ ಹಲ್ಲು ಊರಿತು. ಧೂಳೆದ್ದಿತು. ಧೂಳಿನ ಹಿಂದೆಯೇ ಆ ವಾಸನೆ ಬಂತು. ಒಲೆಯ ಹೊಗೆ, ಇಲಿ, ಒಣಗಿದ ಬೇವಿನ ಎಲೆ, ಮಳೆ ಕುಡಿದು ಕುಡಿದು ಮುದಿಯಾದ ಮಣ್ಣು. ಸೊಸೆಯ ದನಿಯಲ್ಲಿ ಮಾತಾಡುತ್ತಿದ್ದವನು ಅರ್ಧಕ್ಕೇ ನಿಂತುಬಿಟ್ಟೆ. ಆಟೋದವನು ಹೊರಳಿ ನೋಡಿದ. ನಾನಾಗಿಯೇ ಬಾಯಿ ಮುಚ್ಚಿದ್ದನ್ನು ಅವನು ಅದೇ ಮೊದಲು ನೋಡಿದ್ದು.

ಆ ವಾಸನೆ ಬಂದರೆ ನನಗೆ ಅಕ್ಕೋರು ನೆನಪಾಗುತ್ತಾರೆ.

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಇವರು ನಮಗೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಗಡಿಯ ಕಡೆಯವರು, ಮಾತಿನಲ್ಲಿ ಅಲ್ಲಲ್ಲಿ ಮರಾಠಿಯ ಒಗ್ಗರಣೆ. ನೆತ್ತಿ ಸುಡುವ ಬಿಸಿಲಿನಲ್ಲೂ ಕೊಡೆಯನ್ನು ಬಿಚ್ಚದೆ, ಕೋಲಿನಂತೆ ಊರಿಕೊಂಡು ಬಿರಬಿರನೆ ನಡೆಯುತ್ತಿದ್ದರು. ನಗು ಬಂದರೆ ಬಾಯಿಂದಲ್ಲ, ಮೂಗಿನಿಂದ ನಗುತ್ತಿದ್ದರು. ಸಿಟ್ಟು ಬಂದರೆ ಒಂದು ಕಣ್ಣು ಸಣ್ಣಗಾಗುತ್ತಿತ್ತು. ಯಾರು ಏನು ಹೇಳಿದರೂ "ಹೂಂ, ಮುಂದ?" ಎನ್ನುವುದು ಅವರ ರೂಢಿ. ನನ್ನಂಥ ನಕಲಿಗನಿಗೆ ದೇವರೇ ಕಟ್ಟಿ ಕಳಿಸಿದ ಬುತ್ತಿ ಅದು.

ಅವರು ಸುರಪುರದ ನಮ್ಮ ಮನೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನ ನಮ್ಮ ಆಯಿ ಬಾಗಿಲಲ್ಲೇ ಕೂತಿದ್ದಳು. ಆಯಿ ಅಂದರೆ ನಮ್ಮಪ್ಪನ ತಾಯಿ. ಬಂದವರು ನಲ್ಲಿ ಯಾವಾಗ ಬರುತ್ತದೆ ಎಂದು ಕೇಳಲಿಲ್ಲ, ಬಚ್ಚಲು ಎಲ್ಲಿ ಎಂದೂ ಕೇಳಲಿಲ್ಲ.

"ಮಾಳಿಗಿ ಮ್ಯಾಲ ಹತ್ತಬಹುದೇನ್ರಿ?" ಎಂದರು.

ಆಯಿ ಅವರನ್ನು ತಲೆಯಿಂದ ಪಾದದ ತನಕ ನೋಡಿದಳು. "ಕ್ವಾಣಿ ಕೆಳಗ ಐತಿ, ತಾಯಿ."

"ಗೊತ್ರಿ. ಮ್ಯಾಲಿಂದು ನೋಡಿ ಕೆಳಗಿಂದು ನೋಡ್ತೀನಿ."

ಸೀರೆ ಎತ್ತಿಕಟ್ಟಿ ಏಣಿ ಹತ್ತಿದರು. ಹಿಂದೆ ಬಾಲದಂತೆ ನಾನು. ಮಾಳಿಗೆಯ ನಡುವೆ ಬೆಳಕಿಂಡಿ, ಅಂದರೆ ಕೆಳಗಿನ ನಡುಮನೆಗೆ ಬೆಳಕು ಬೀಳಲೆಂದು ಬಿಟ್ಟ ಕಿಂಡಿ. ಅದರ ಅಂಚಿನಲ್ಲಿ ಮಣ್ಣು ಎಷ್ಟು ದಪ್ಪವಿದೆ ಎಂಬುದು ಕಾಣುತ್ತದೆ. ಅಕ್ಕೋರು ಕೊಡೆಯನ್ನು ಆ ಅಂಚಿಗೆ ಹಿಡಿದು ನೋಡಿದರು. ಕೊಡೆಯ ಹಿಡಿಕೆ ಮಾತ್ರ ಮೇಲೆ ಉಳಿಯಿತು. ಕೆಳಗಿಳಿದು ಬಂದು, ಕೋಣೆ ಹಿಡಿಸಿತು, ಸಾಮಾನು ಒಳಗಿಡುತ್ತೇನೆ, ಆದರೆ ಮಲಗುವುದು ಮಾತ್ರ ಹೊರಗೆ ಪಡಸಾಲೆಯ ತಗಡಿನ ಕೆಳಗೆ ಎಂದರು. ಹಾಗೇ ಮಾಡಿದರು ಕೂಡ. ಮಳೆ ಬಡಿಯಲಿ, ಬಿಸಿಲಿಗೆ ತಗಡು ಕಾಯಲಿ, ಅವರ ಹಾಸಿಗೆ ಅಲ್ಲೇ. ಓಣಿಯಲ್ಲಿ ಇದಕ್ಕೆ ಹತ್ತೆಂಟು ಕಾರಣ ಹುಟ್ಟಿದವು. ಕೆಲವನ್ನು ನಾನೇ ಹುಟ್ಟಿಸಿದ್ದೆ.

ಆಯಿಗೆ ಇದರಿಂದ ದೊಡ್ಡ ಅವಮಾನವಾಯಿತು. ಆ ಮಾಳಿಗೆ ಅವಳ ಹೆಮ್ಮೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು, ಸೋರದಂತೆ ಮಾಡುವುದು ನಮ್ಮ ಕಡೆಯ ಪದ್ಧತಿ. ಹಾಕುವುದುಂಟು, ಹಳೆಯದನ್ನು ತೆಗೆಯುವುದು ಮಾತ್ರ ಯಾರಿಗೂ ಹೊಳೆದಿಲ್ಲ. ಆಯಿಯ ಅತ್ತೆ ಹಾಕಿಸಿದ್ದರ ಮೇಲೆ ಆಯಿ, ಆಯಿ ಹಾಕಿಸಿದ್ದರ ಮೇಲೆ ಅಪ್ಪ. ಬೇಸಿಗೆಯಲ್ಲಿ ಇಡೀ ಸುರಪುರದ ಬಂಡೆಗಳು ಕಾದ ಹಂಚಿನಂತಾದಾಗ ನಮ್ಮ ನಡುಮನೆ ಮಾತ್ರ ನೀರಿನ ಗಡಿಗೆಯ ಹೊಟ್ಟೆಯ ಹಾಗೆ ತಣ್ಣಗಿರುತ್ತಿತ್ತು. ಮಣ್ಣು ಅತಿ ದಪ್ಪವಿದ್ದ ಜಾಗದ ಕೆಳಗೇ ಆಯಿಯ ಹೊರಸು, ಅಂದರೆ ಹಗ್ಗದ ಮಂಚ. ಮಧ್ಯಾಹ್ನವೆಲ್ಲ ಅವಳು ಅಲ್ಲೇ.

ಅಕ್ಕೋರ ನಕಲನ್ನು ನಾನು ಶಾಲೆಯಲ್ಲಿ ಬಹಳ ಬೇಗ ಶುರುಮಾಡಿದೆ. ಒಂದು ದಿನ ಕೊಡೆಯ ಬದಲು ಕಸಬರಿಗೆ ಊರಿ, ಒಂದು ಕಣ್ಣು ಸಣ್ಣ ಮಾಡಿ, "ಹೂಂ, ಮುಂದ?" ಎನ್ನುತ್ತಿದ್ದೆ. ಹುಡುಗರ ನಗು ಒಮ್ಮೆಲೇ ನಿಂತಿತು. ಹಿಂದೆ ಅವರು ನಿಂತಿದ್ದರು. ಹೊಡೆಯುತ್ತಾರೆಂದು ಕೈ ಮುಂದೆ ಚಾಚಿದೆ. ಅವರು ಕೈ ನೋಡಲಿಲ್ಲ, ಬೆನ್ನು ನೋಡಿದರು.

"ನಿನ್ನ ಬೆನ್ನು ನನಗ ಬೇಕಾಗೇದ. ಬಾ ಇಲ್ಲಿ."

ಆ ದಿನದ ಪಾಠ ಭೂಕಂಪ. ಹುಡುಗರನ್ನು ಎರಡು ಸಾಲು ಮಾಡಿ ಬೆನ್ನಿಗೆ ಬೆನ್ನು ಒತ್ತಿ ನಿಲ್ಲಿಸಿದರು. ನಾನು ಸಾಲಿನ ನಟ್ಟನಡುವೆ. ಒಂದು ಸಾಲನ್ನು ಹಲಗೆಯ ಕಡೆ, ಇನ್ನೊಂದನ್ನು ಬಾಗಿಲ ಕಡೆ ಎಳೆಯಲು ತುದಿಗಳಲ್ಲಿ ದಾಂಡಿಗರನ್ನು ಇಟ್ಟರು. ಎಳೆದರು. ಯಾರೂ ಕದಲಲಿಲ್ಲ. ಅಂಗಿಗೆ ಅಂಗಿ ಅಂಟಿ, ಬೆನ್ನಿಗೆ ಬೆನ್ನು ಸಿಕ್ಕಿ, ಸಾಲುಗಳು ಬಿಲ್ಲಿನಂತೆ ಬಾಗಿದವೇ ಹೊರತು ಜಾರಲಿಲ್ಲ.

"ನೋಡ್ರಿ, ಏನೂ ಆಗವಲ್ದು ಅಂತ ಕಾಣ್ತದ," ಎಂದರು ಅಕ್ಕೋರು. "ಆದ್ರ ಎಳೀಲಿಕ್ಕತ್ತಾರ ಹೌದಿಲ್ಲೋ? ಆ ಜೋರು ಎಲ್ಲಿ ಹೋಯ್ತು?"

"ನನ್ನ ಬೆನ್ನಾಗ ಕುಂತೈತ್ರಿ," ಎಂದೆ ನಾನು.

ಹಾಗೆನ್ನುವಷ್ಟರಲ್ಲಿ ನನ್ನ ಬೆನ್ನು ಜಾರಿತು. ನಾನು ಜಾರಿದ್ದೇ ತಡ, ಅಕ್ಕಪಕ್ಕದವರು, ಅವರ ಅಕ್ಕಪಕ್ಕದವರು, ಎಲ್ಲರೂ ಒಮ್ಮೆಲೇ ಸರ್ರನೆ ಸರಿದು ಒಬ್ಬರ ಮೇಲೊಬ್ಬರು ಬಿದ್ದೆವು. ಹಿಂದಿನ ಬೆಂಚಿನ ಮೇಲಿದ್ದ ಯಾರದೋ ಊಟದ ಡಬ್ಬಿ ನೆಲಕ್ಕುರುಳಿತು.

"ಡಬ್ಬೀನ ಯಾರೂ ಮುಟ್ಟಿಲ್ಲ. ಯಾಕ ಬಿತ್ತು?"

ಬಿದ್ದಲ್ಲಿಂದಲೇ ನಮಗೆ ಪಾಠ ತಿಳಿದುಹೋಯಿತು. ನೆಲದೊಳಗೆ ಬಂಡೆ ಸೀಳಿಕೊಂಡ ಜಾಗಗಳಿವೆ. ಪುಸ್ತಕದಲ್ಲಿ ಅದಕ್ಕೆ ಸ್ತರಭಂಗ ಎಂದು ಹೆಸರು. ಎರಡೂ ಬದಿಯ ಬಂಡೆ ಬೇರೆ ಬೇರೆ ದಿಕ್ಕಿಗೆ ಹೋಗಲು ನೋಡುತ್ತದೆ, ತಿಕ್ಕಾಟ ಬಿಡುವುದಿಲ್ಲ. ಬಹುಕಾಲ ಬಾಗುತ್ತ, ಬಿಗಿಯುತ್ತ ಇರುತ್ತದೆ. ಒಂದು ಕಡೆ ಹಿಡಿತ ತಪ್ಪಿತೆಂದರೆ ಅಷ್ಟೂ ವರ್ಷಗಳ ಬಿಗಿ ಕ್ಷಣದಲ್ಲಿ ಬಿಚ್ಚಿಕೊಂಡು, ಅಲೆಯಾಗಿ ಸುತ್ತಲೂ ಹರಡುತ್ತದೆ. ಮೊದಲು ಜಾರಿದ ಬಿಂದು ಭೂಕಂಪದ ನಾಭಿ. ಅಂದರೆ ಆ ದಿನ ನಾನು. ವಾರವಿಡೀ ಹುಡುಗರು ನನ್ನನ್ನು ನಾಭಿ ಎಂದೇ ಕರೆದರು. ಅಡ್ಡಹೆಸರು ಇಡುವ ಹಕ್ಕು ನನ್ನೊಬ್ಬನದೇ ಎಂದುಕೊಂಡಿದ್ದೆ...

ಯಾರೋ ಕೇಳಿದರು, ಹಿಮಾಲಯ ಅಷ್ಟು ದೂರವಿದೆ, ನಮ್ಮ ನೆಲದಲ್ಲಿ ಎಳೆಯುವವರು ಯಾರು ಎಂದು. ಅಕ್ಕೋರು ಗೋಡೆಗೆ ಹಣೆ ಹಚ್ಚಿ ನಿಂತು ತೋರಿಸಿದರು. "ನಮ್ಮ ನೆಲ ಉತ್ತರಕ್ಕ ಹೊಂಟದ. ಹಣಿ ಹಿಮಾಲಯಕ್ಕ ತಾಕೇದ. ನಡಾ ಇಲ್ಲೇ ನಮ್ಮ ಕಡೆ ಅದ. ಹಣಿ ಒತ್ತಿದ್ರ ನಡಾ ಹಿಡೀತದಿಲ್ಲೋ? ನಡದಾಗ ಹಳೇ ಸೀಳು ಇದ್ರ ಅಲ್ಲೇ ಚಳಕು ಹೊಡೀತದ."

ಈ ನಡ ಹಿಡಿಯುವ ಪ್ರಸಂಗವನ್ನು ನಾನು ಮನೆಗೆ ಬಂದು ಆಯಿಗೆ ಆಡಿ ತೋರಿಸಿದೆ. ಆಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು, "ಅದಕ್ಕಂತ ಆಕಿ ತಗಡಿನ ಕೆಳಗ ಮಕ್ಕೊಂತಾಳೇನು?"

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಬ್ಬರ ಯುದ್ಧ ಬಹಿರಂಗವಾಯಿತು. ಅಪ್ಪ ಮಾಳಿಗೆಗೆಂದು ಹಾಳು ದಿಬ್ಬದಿಂದ ಒಂದು ಟ್ರ್ಯಾಕ್ಟರ್ ಬಿಳಿಮಣ್ಣು ಹಾಕಿಸಿದ್ದ. ಅಪ್ಪ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ನೌಕರ. ಕಾಲುವೆಯ ನೀರನ್ನು ಹೊಲಕ್ಕೆ ಬಿಡಿಸಬಲ್ಲವನಾದರೂ ಆಯಿಯ ಹಟವನ್ನು ಬಿಡಿಸಬಲ್ಲವನಲ್ಲ. ಅಕ್ಕೋರು ಮಣ್ಣಿನ ಗುಡ್ಡೆಯ ಮುಂದೆ ಕೊಡೆ ಊರಿ ನಿಂತರು.

"ಇದು ಮ್ಯಾಲ ಹೋಗಬಾರದ್ರಿ ಆಯಿ. ಇದ್ದದ್ದನ್ನೂ ಇಳಿಸಬೇಕು. ಗ್ವಾಡಿ ಕಲ್ಲು ಮಣ್ಣಾಗ ಕುಂತಾವ, ಮ್ಯಾಲ ಇಷ್ಟು ಭಾರ. ನೆಲ ಜರಾ ಅಳ್ಳಾಡಿದ್ರ ಗ್ವಾಡಿ ತಾಳಂಗಿಲ್ಲ."

"ಯಾವಾಗ ಅಳ್ಳಾಡ್ತೈತಿ?"

"ಗೊತ್ತಿಲ್ರಿ."

"ಮಳಿ ಯಾವಾಗ ಬರ್ತೈತಿ ಅಂತ ನನಗ ಗೊತ್ತೈತಿ. ಮುಂದಿನ ತಿಂಗಳಾ. ನಾ ಗೊತ್ತಿದ್ದದ್ದಕ್ಕ ತಯಾರಾಗ್ಲೋ, ಗೊತ್ತಿಲ್ಲದ್ದಕ್ಕ ತಯಾರಾಗ್ಲೋ?"

"ಹೂಂ, ಮುಂದ?" ಎಂದು ಆಯಿಯೇ ಅಂದು, ಗೆದ್ದ ಖುಷಿಯಲ್ಲಿ ಎಲೆ ಅಡಿಕೆ ಹಾಕಿಕೊಂಡಳು. ನಕಲು ನಮ್ಮ ಮನೆತನದ ರೋಗ ಎಂದು ಆಗ ತಿಳಿಯಿತು.

ಮಣ್ಣು ಮೇಲೇರಬೇಕಿದ್ದ ದಿನಕ್ಕೆ ಮುಂಚಿನ ಭಾನುವಾರ, ಮಧ್ಯಾಹ್ನ. ಅಕ್ಕೋರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ನಾನು ಅವರೆದುರು ಯಾದಗಿರಿ ಬಸ್ಸಿನ ಕಂಡಕ್ಟರನ ನಕಲು ಮಾಡುತ್ತಿದ್ದೆ. ನೆಲದೊಳಗಿಂದ ಗುಡುಗಿದಂತೆ ಒಂದು ಸದ್ದು ಬಂತು. ಕಲ್ಲು ತುಂಬಿದ ಲಾರಿಯೊಂದು ಮನೆಯ ಅಡಿಯಿಂದ ಹಾದುಹೋದ ಹಾಗೆ. ಅಡುಗೆಮನೆಯ ಪಾತ್ರೆಗಳು ಚಟಪಟ ಎಂದವು. ಕಟ್ಟೆ ನನ್ನ ಕೆಳಗೆ ನಡುಗಿತು. ನಾನು ಬೀದಿಗೆ ಹಾರಿದೆ. ತಿರುಗಿ ನೋಡಿದರೆ ಅಕ್ಕೋರು ಹಿಂದೆ ಇಲ್ಲ. ಶೇಂಗಾದ ಮೊರ ಉರುಳಿ ಬಿದ್ದಿದೆ.

ಅವರು ಒಳಗೆ ಓಡಿದ್ದರು.

ಆಯಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ನೆಲ ಸುಮ್ಮನಾಗಿತ್ತು. ಏನೂ ಬಿದ್ದಿರಲಿಲ್ಲ. ತೊಲೆಗಳ ಸಂದಿಯಿಂದ ಉದುರಿದ ಮಣ್ಣಷ್ಟೇ. ಇಬ್ಬರ ತಲೆಯೂ ಜೋಳದ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಬೇರೆ ದಿನವಾಗಿದ್ದರೆ ಆ ಅವತಾರದ ಮೇಲೆ ನಾನು ಒಂದು ತಿಂಗಳು ಬದುಕುತ್ತಿದ್ದೆ. ಅಂದು ಆಗಲಿಲ್ಲ. ಅಕ್ಕೋರು ಬೀದಿಯ ನಡುವೆ ಕುಸಿದು ಕೂತಿದ್ದರು. ಆಯಿಯ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಆಯಿ ಪಕ್ಕದಲ್ಲಿ ಕೂತಳು. "ಶಾಲ್ಯಾಗ ಹೊರಗ ಓಡ್ರಿ ಅಂತ ಹೇಳಾಕಿ, ನೀ ಯಾಕ ಒಳಗ ಬಂದೆವ್ವಾ?"

"ಅವತ್ತು ನಾ ಒಳಗ ಹೋಗಿದ್ದಿಲ್ರಿ," ಎಂದರು ಅಕ್ಕೋರು.

ಅಕ್ಕೋರು ತಡೆದು ತಡೆದು ಹೇಳಿದರು. ಅವರು ಚಿಕ್ಕವರಿದ್ದಾಗ ಗಡಿಯಾಚೆ ದೊಡ್ಡ ಭೂಕಂಪವಾಯಿತು. ಆ ರಾತ್ರಿ ಗಣಪತಿ ಕಳಿಸಿ ಬಂದು ಅವರ ಊರೆಲ್ಲ ಮಲಗಿತ್ತು. ಇವರಿಗೆ ಹೊರಗಿನ ತಗಡಿನ ಕೆಳಗೇ ನಿದ್ದೆ ಹತ್ತಿತ್ತು. ಇವರ ಅಕ್ಕ ಒಳಗಿದ್ದಳು. "ಅಕ್ಕನ ಮ್ಯಾಲ ಬಿದ್ದದ್ದು ಗ್ವಾಡಿ ಅಲ್ರಿ ಆಯಿ, ಮಾಳಿಗಿ ಮಣ್ಣು. ಹೊಸಾ ಮಣ್ಣು ಹಾಕಿಸಿದ್ವಿ ಆ ವರ್ಷ. ಸೋರಬಾರದಂತ."

ಇಷ್ಟೇ. ಮುಂದೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಓಣಿಯೆಲ್ಲ ಹಾಸಿಗೆ ಹೊರಗೆ ಹಾಕಿತು. ಮೊಬೈಲಿನಲ್ಲಿ ಸುದ್ದಿಗಳು ಹಾರಾಡಿದವು. ಇಂಥ ಹೊತ್ತಿಗೆ ಇಂಥ ಕಡೆ ಮತ್ತೆ ಆಗುತ್ತದೆ ಎಂದು ಹೇಳುವ ಪಂಡಿತರು ಹುಟ್ಟಿಕೊಂಡರು. ಜನ ಅಕ್ಕೋರನ್ನು ಮುತ್ತಿದರು.

"ನೀವು ಓದಿದೋರು, ಖರೇ ಹೇಳ್ರಿ. ಮತ್ತ ಬರ್ತೈತೇನು?"

"ಗೊತ್ತಿಲ್ರಿ."

"ಸಣ್ಣದು ಬಂದು ಹೋತು, ಜೋರು ಇಳೀತು, ಇನ್ನ ದೊಡ್ಡದು ಬರಂಗಿಲ್ಲ ಅಂತಾರಲ್ಲ?"

"ಹಂಗೂ ಹೇಳಲಿಕ್ಕೆ ಬರಂಗಿಲ್ರಿ. ಎಲ್ಲಿ ಸೀಳದ, ಯಾಕ ಜಾರ್ತದ ಅಂತ ಹೇಳಬಹುದು. ಯಾವತ್ತು ಅಂತ ಯಾರೂ ಹೇಳಲಿಕ್ಕಾಗಂಗಿಲ್ಲ. ಭಾರ ಕಮ್ಮಿ ಮಾಡ್ಕೋರಿ, ಅಷ್ಟಾ."

ಜನಕ್ಕೆ ಇದು ರುಚಿಸಲಿಲ್ಲ. "ಮತ್ತ ಪಗಾರ ಯಾತಕ್ಕ ತಗೊಂತೀರಿ?" ಎಂದು ಒಬ್ಬ ನಕ್ಕ. ಅಕ್ಕೋರೂ ಮೂಗಿನಿಂದ ನಕ್ಕರು. ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಸಲ, ಅಷ್ಟು ಸಮಾಧಾನದಿಂದ ಹೇಳಿದವರನ್ನು ನಾನು ಆಮೇಲೆ ನೋಡಿಲ್ಲ. ನಮ್ಮಲ್ಲಿ ದಾರಿ ಗೊತ್ತಿಲ್ಲದವನು ಕೂಡ ಕೈ ಮಾಡಿ ತೋರಿಸಿಯೇ ಕಳಿಸುತ್ತಾನೆ.

ಆಯಿ ಅಷ್ಟಕ್ಕೆಲ್ಲ ಸೋಲುವವಳಲ್ಲ. ಮರುದಿನ ಬೆಳಿಗ್ಗೆ, "ಅದು ನಿಮ್ಮೂರ ಮಣ್ಣು, ನಮ್ಮದು ಬ್ಯಾರೇನಾ ಐತಿ," ಎಂದು ಅಕ್ಕೋರಿಗೆ ತೋರಿಸಲೆಂದೇ ತಾನೂ ಏಣಿ ಹತ್ತಿದಳು. ಕೆಳಗಿನಿಂದ ಅವಳನ್ನು ನೂಕಿದ್ದು ನಾನು; ಆ ಭಾರವನ್ನೂ ಲೆಕ್ಕ ಹಾಕಬೇಕು ಎಂದು ಹೇಳಿ ಬೈಸಿಕೊಂಡದ್ದೂ ನಾನೇ. ಅಪ್ಪ ಬೆಳಕಿಂಡಿಯ ಅಂಚನ್ನು ಸಲಿಕೆಯಿಂದ ನೇರವಾಗಿ ಕಡಿದ. ರೊಟ್ಟಿಗಳ ಅಡಕಲಿನಂತೆ ಪದರಗಳು ಕಂಡವು. ಒಂದು ಬಿಳಿ, ಒಂದು ಕೆಂಪು, ಒಂದು ಬೂದಿ ಬಣ್ಣ.

ಅಕ್ಕೋರು ಬಾಯಿ ತೆರೆಯುವ ಮುಂಚೆ ಆಯಿ ಬೆರಳಿಟ್ಟಳು. ಈ ಕೆಂಪು ನಮ್ಮಪ್ಪ ಹುಟ್ಟಿದ ವರ್ಷದ್ದು, ಬಿಳಿಮಣ್ಣು ಸಿಗದೆ ಗುಡ್ಡದ ಮಣ್ಣನ್ನೇ ತಂದಿದ್ದರು. ಇದು ಅತ್ತೆ ಸತ್ತ ವರ್ಷದ್ದು, ತೆಳ್ಳಗಿದೆ, ಯಾರಿಗೂ ಬಡಿಯುವ ಮನಸ್ಸಿರಲಿಲ್ಲ. ಇದು ಗಂಡ ತನ್ನ ಕೈಯಾರೆ ಹಾಕಿದ ಕೊನೆಯದು... ಬೆರಳು ಅಲ್ಲೇ ನಿಂತಿತು. ಶಾಲೆಯಲ್ಲಿ ಬಂಡೆಯ ಪದರಗಳನ್ನು ಹೀಗೇ ಓದುವುದು ಕಲಿಸಿದ್ದ ಅಕ್ಕೋರು ಈಗ ಕೊಡೆ ಬದಿಗಿಟ್ಟು, ವಿದ್ಯಾರ್ಥಿಯಂತೆ ಮಂಡಿಯೂರಿ ಕೂತು ಕೇಳುತ್ತಿದ್ದರು. ಒಂದು ಸಲವೂ "ಹೂಂ, ಮುಂದ?" ಎನ್ನಲಿಲ್ಲ.

ಕೊನೆಗೆ ಮೆಲ್ಲಗೆ ಅಂದರು, "ಕೆಳಗಿಂದು ಹಂಗಾ ಇರಲ್ರಿ ಆಯಿ. ಮ್ಯಾಲಿಂದಿಷ್ಟು ಇಳಿಸೋಣ."

ಆಯಿ ಬೆಳಕಿಂಡಿಯೊಳಗಿಂದ ಕೆಳಗೆ ಕಾಣುತ್ತಿದ್ದ ತನ್ನ ಹೊರಸನ್ನು ನೋಡಿದಳು. "ಇಳಿಸಿದ ಮಣ್ಣು ತಿಪ್ಪಿಗೆ ಹೋಗಬಾರದು. ಹಿತ್ತಲದಾಗ ಬೀಳಬೇಕು."

"ಹೂಂ ರಿ."

"ಸೋರಿದ್ರ ನೀನಾ ಜಿಮ್ಮೇದಾರ."

"ಹೂಂ ರಿ."

ಮಣ್ಣು ಇಳಿಸುವುದಕ್ಕೆ ಒಬ್ಬ ಗೌಂಡಿ, ಅಪ್ಪ, ನಾನು. ಶಾಲೆಗೆ ಬೇಸಿಗೆ ರಜೆ, ಅಕ್ಕೋರೂ ಬುಟ್ಟಿಗೆ ಕೈ ಹಚ್ಚುತ್ತಿದ್ದರು. ಭಾರ ಇಳಿದಂತೆ ತೊಲೆಗಳು ಕಿರುಗುಟ್ಟಿದವು, ಮೂಟೆ ಇಳಿಸಿದ ಹಮಾಲ ಬೆನ್ನು ನೆಟ್ಟಗೆ ಮಾಡಿಕೊಂಡ ಹಾಗೆ. ಬೇವು ಬೆರೆಸಿದ ತೆಳುವಾದ ಒಂದು ಹೊಸ ಪದರವನ್ನು ಮಾತ್ರ ಮೇಲೆ ಹಾಕಿದೆವು. ಕೆಲಸ ಮುಗಿದ ದಿನ ಅಕ್ಕೋರು ತಗಡಿನ ಕೆಳಗಿನಿಂದ ಹಾಸಿಗೆ ಸುತ್ತಿಕೊಂಡು ಬಂದು, ಯಾರನ್ನೂ ಕೇಳದೆ, ನಡುಮನೆಯಲ್ಲಿ ಆಯಿಯ ಹೊರಸಿನ ಪಕ್ಕ ಹಾಸಿದರು. ಆಯಿ ಹೊರಸನ್ನು ಒಂದಿಷ್ಟು ಸರಿಸಿ ಜಾಗ ಬಿಟ್ಟಳು.

ಮಳೆ ಬಂತು. ಸೋರಿತು. ಅದೂ ಹೇಗೆ, ನೇರ ಆಯಿಯ ಎದೆಯ ಮೇಲೆ, ಆಮೇಲೆ ಅಕ್ಕೋರ ಮುಖದ ಮೇಲೆ. "ಭೂಕಂಪ ತಪ್ಪಿಸಾಕಂತ ಹೋಗಿ ಜಲಪ್ರಳಯ ತಂದಾಳ," ಎಂದು ಆಯಿ ಇಡೀ ಮಳೆಗಾಲ ಬೈದಳು. ಅಕ್ಕೋರು ಗೊಬ್ಬರದ ಚೀಲಗಳನ್ನು ಹೊಲಿದು ಹೊದಿಕೆ ಮಾಡಿದರು. ಇಬ್ಬರೂ ಅದರ ಕೆಳಗೆ ತಲೆ ತೂರಿಸಿ, ಸೋರುವ ಜಾಗಗಳಿಗೆ ಪಾತ್ರೆ ಇಡಲು ನನಗೆ ಅಪ್ಪಣೆ ಕೊಡುತ್ತ, ಜಗಳಾಡುತ್ತ, ನಗುತ್ತ... ಅಷ್ಟು ಚೆನ್ನಾಗಿ ಸೋರಿದ ಮಳೆಗಾಲ ನಮ್ಮ ಮನೆಯಲ್ಲಿ ಮತ್ತೊಂದು ಬಂದಿಲ್ಲ.

ಆಮೇಲೆ ಅವರಿಗೆ ಯಾದಗಿರಿ ಕಡೆ, ರಾಮಸಮುದ್ರದ ಹತ್ತಿರ ವರ್ಗವಾಯಿತು. ಫೋನು ಮಾಡಿದಾಗಲೆಲ್ಲ ಆಯಿಯ ಆರೋಗ್ಯಕ್ಕಿಂತ ಮೊದಲು ಮಾಳಿಗೆಯ ಆರೋಗ್ಯ ವಿಚಾರಿಸುತ್ತಿದ್ದರು. ನನ್ನ ಮೈಕಿನ ಕಸುಬಿನ ಸುದ್ದಿ ಕೇಳಿ, "ನನ್ನ ದನಿಯಾಗ ಸೀರಿ ಮಾರಬ್ಯಾಡ, ಯಾರೂ ತಗೊಳ್ಳಂಗಿಲ್ಲ," ಎಂದಿದ್ದರು. ಬರಬರುತ್ತ ಫೋನು ವಿರಳವಾಯಿತು. ಎರಡು ವರ್ಷಗಳ ಹಿಂದೆ ನಮ್ಮ ತರಗತಿಯವರ ಮೊಬೈಲ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಕೈಮುಗಿದ ಚಿಹ್ನೆ. ಕಾಯಿಲೆ ಇತ್ತಂತೆ. ಯಾರಿಗೂ ಹೇಳಿರಲಿಲ್ಲವಂತೆ. ಆ ಚಿತ್ರ ನಮ್ಮ ತರಗತಿಯ ಹಳೆಯ ಫೋಟೋದಿಂದ ಕತ್ತರಿಸಿದ್ದು. ಅಂಚಿನಲ್ಲಿ ನನ್ನ ಮೊಣಕೈ ಉಳಿದಿತ್ತು. ಆ ಕ್ಷಣದಲ್ಲಿ ಏನೋ ಚೇಷ್ಟೆ ಮಾಡುತ್ತಿದ್ದಿರಬೇಕು ನಾನು.

ನಮ್ಮ ಮಾಳಿಗೆ ಬೀಳಲಿಲ್ಲ. ಅಂದು ಇಳಿಸದಿದ್ದರೆ ಬೀಳುತ್ತಿತ್ತೇ? ಅಲ್ಲಿಂದೀಚೆಗೆ ನೆಲ ಒಂದೆರಡು ಸಲ ಸಣ್ಣಗೆ ಗುಡುಗಿ ಸುಮ್ಮನಾಗಿದೆ, ಅಷ್ಟೇ. ಅಕ್ಕೋರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಗೊತ್ತು.

ಮೊನ್ನೆ ಮುಂಗಾರಿಗೆ ಮುಂಚೆ ಅಪ್ಪ, ಸೋರಾಟ ಸಾಕಾಗಿ, ಮತ್ತೆ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದ. ಆಯಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬೆಳಕಿಂಡಿಯ ಕೆಳಗೆ ಹೊರಸಿನ ಮೇಲೆ ಕೂತು, ಮೇಲೆ ಬೀಳುವ ಬುಟ್ಟಿಗಳ ಸದ್ದನ್ನು ಆಲಿಸುತ್ತಿದ್ದಳು. ತೆಳುವಾಗಿ ಒಂದು ಪದರ ಮುಗಿಯಿತು. ಎರಡನೆಯದರ ಮೊದಲ ಬುಟ್ಟಿ ಬಿದ್ದ ಸದ್ದಿಗೆ ಕೂಗಿದಳು.

"ಸಾಕು. ಇನ್ನ ಒಂದು ಹಿಡಿ ಬೀಳಬಾರದು."

"ಯವ್ವಾ, ಮತ್ತ ಸೋರ್ತೈತಿ," ಎಂದ ಅಪ್ಪ ಮೇಲಿನಿಂದ.

"ಸೋರಲಿ. ಅಕ್ಕೋರು ಬ್ಯಾಡ ಅಂದಾರ."

ಮರೆತಿರಬಹುದೆಂದು ನಾನು ಹತ್ತಿರ ಹೋಗಿ, "ಆಯಿ, ಅಕ್ಕೋರು ಇಲ್ಲಲ್ಲ ಈಗ," ಎಂದೆ.

"ಗೊತ್ತೈತೋ ಮಂಗ್ಯಾ. ಇದ್ದಿದ್ರ ಜಗಳಾಡಿ ಇನ್ನೊಂದು ಬುಟ್ಟಿ ಹಾಕಿಸ್ತಿದ್ದೆ," ಎಂದಳು ಆಯಿ. "ಈಗ ಯಾರ ಕೂಡ ಜಗಳಾಡ್ಲಿ?"

ಅಪ್ಪ ಎರಡನೆಯ ಪದರಕ್ಕೆ ಸುರಿದಿದ್ದ ಆ ಬುಟ್ಟಿ ಮಣ್ಣನ್ನು ಬಾಚಿ ತುಂಬಿಕೊಂಡು ಏಣಿ ಇಳಿದ.